ಮಳೆ ಲೆಕ್ಕ

ಬೆಳಿಗ್ಗೆ ಎಂಟಕ್ಕೆ, ಆಳುಗಳ ಹಾಜರಿ ಕೂಗುವ ಮೊದಲು,
ಮಳೆ ಅಳೆಯುವುದು ನನ್ನ ಕೆಲಸ.
ಬಂಗಲೆಯ ಹಿಂದೆ, ಸಿಲ್ವರ್ ಓಕಿನ ನೆರಳು ಮುಟ್ಟದ ಕಡೆ
ಹಿತ್ತಾಳೆ ಬಾಯಿಯ ಡಬ್ಬ ನಿಂತಿದೆ.
ನೀರನ್ನು ಗಾಜಿಗೆ ಸುರಿದು, ಕಣ್ಣ ಮಟ್ಟಕ್ಕೆ ಹಿಡಿದು
ಓದಬೇಕು: ಇಷ್ಟು ಇಂಚು, ಇಷ್ಟು ಸೆಂಟು.

ಇಪ್ಪತ್ತೆರಡು ವರ್ಷ ಈ ಪುಸ್ತಕ ಬರೆದವರು
ನನ್ನ ಯಜಮಾನರು, ರೈಟರ್ ಬೊನವೆಂಚರ್.
ಸಿದ್ದಾಪುರದ ಸಿಮೆತ್ರಿಯಲ್ಲಿ ಅವರನ್ನು ಮಲಗಿಸಿ ಬಂದ
ಮಾರನೆಯ ಬೆಳಿಗ್ಗೆ, ಒಂದು ಸಾಲು ಖಾಲಿ ಉಳಿಯಬಾರದೆಂದು
ನಾನೇ ಹೋಗಿ ನಿಂತೆ.
ಅಳುತ್ತಾ ಓದಿದರೆ ಗಾಜಿನ ಗೆರೆ ಎರಡಾಗಿ ಕಾಣುತ್ತದೆ.
ಒರೆಸಿಕೊಂಡು ಮತ್ತೆ ಓದಿದೆ. ಮೂವತ್ತೆರಡು ಸೆಂಟು.
ಸಾವುಕಾರರು ಏನೂ ಕೇಳಲಿಲ್ಲ. ಪುಟ ನೋಡಿ
‘ನೀವೇ ಬರೀರಿ ಲೆತೀಸಾಬಾಯಿ’ ಅಂದರು.

ಪ್ರಾರ್ಥನೆಯಲ್ಲಿ ನಾನು ಗಟ್ಟಿ ಹೆಂಗಸಲ್ಲ.
ಜಪಸರದ ಮೂರನೇ ರಹಸ್ಯಕ್ಕೆ ತೂಕಡಿಕೆ,
ನಾಲ್ಕನೆಯದಕ್ಕೆ ಮಣಿ ಕೈಜಾರಿ ನೆಲಕ್ಕೆ.
ಪಾಪನಿವೇದನೆಯಲ್ಲಿ ಹೇಳಿಕೊಂಡೆ.
ಜಾಲರಿಯ ಆಚೆ ಮುದುಕ ಫಾದರ್ ನಕ್ಕುಬಿಟ್ಟರು:
‘ನಿದ್ದೆ ಹೋದದ್ದು ತಾಯಿ ಮಡಿಲಲ್ಲೇ ತಾನೆ, ಬಿಡಿ.’
ದಂಡನೆಗೆಂದು ಒಂದೇ ಒಂದು ನಮೋ ಮರಿಯ ಕೊಟ್ಟರು.
ಅದನ್ನು ಎಚ್ಚರದಲ್ಲೇ ಮುಗಿಸಿದೆ.

ಆ ವರ್ಷ ತಪಸ್ಸುಕಾಲ ಅರ್ಧ ಕಳೆದರೂ ಹೂಮಳೆ ಇಲ್ಲ.
ಕೆರೆ ತಳದ ಕೆಸರು ಬಿರಿದು, ಪಂಪು ಗಾಳಿ ಕುಡಿದು ಕೆಮ್ಮುತ್ತಿತ್ತು.
ಶುಕ್ರವಾರ ಸಂಜೆ, ಶಿಲುಬೆಹಾದಿಯ ಹನ್ನೆರಡನೇ ಸ್ಥಳ,
ಯೇಸು ಪ್ರಾಣ ಬಿಡುವಲ್ಲಿ ಎಲ್ಲರೂ ಮೊಣಕಾಲೂರಿದ್ದಾಗ
ತಗಡಿನ ಮೇಲೆ ಟಪ್ಪೆಂದು ಒಂದು ಹನಿ.
ಆಮೇಲೆ ಹತ್ತು. ಆಮೇಲೆ ಫಾದರ್ ದನಿ ಕೇಳಿಸದಷ್ಟು.
ಯಾರೂ ತಲೆ ಎತ್ತಲಿಲ್ಲ. ಆದರೆ ಬೆಂಚಿಂದ ಬೆಂಚಿಗೆ
ಕದ್ದ ಪೆಪ್ಪರಮಿಂಟಿನಂತೆ ನಗು ಸಾಗಿ ಬಂತು.
ನಾನೂ ಒಂದು ತೆಗೆದುಕೊಂಡು ಪಕ್ಕಕ್ಕೆ ದಾಟಿಸಿದೆ.
ಕ್ಷಮಿಸು ಸ್ವಾಮಿ, ನಾವು ನಕ್ಕಿದ್ದು ನಿನ್ನ ಮರಣಕ್ಕಲ್ಲ.

ಒಂದು ಇಂಚು ಹತ್ತು ಸೆಂಟು.
ಒಂಬತ್ತನೇ ದಿನ, ಒಳಗೆ ನೇರಳೆ ಬಟ್ಟೆಯಡಿ
ಸಂತರೆಲ್ಲ ಇನ್ನೂ ಮುಖ ಮುಚ್ಚಿಕೊಂಡಿದ್ದರು.
ಹೊರಗೆ, ಗುಡಿಯ ಮೆಟ್ಟಿಲಿಂದ ಹೊಳೆಯವರೆಗೆ,
ರೊಬಸ್ಟಾ ತಡೆಯಲಾರದೆ ಬೆಳ್ಳಗೆ ಬಿರಿದು
ಪಾಸ್ಕದ ಸುದ್ದಿಯನ್ನು ವಾರ ಮುಂಚೆಯೇ ಬಾಯಿಬಿಟ್ಟಿತ್ತು.
ಜೇನುಗಳಿಗಂತೂ ಪಂಚಾಂಗವೇ ಇಲ್ಲ.

ಇನ್ನೊಂದು ಪುಟವಿದೆ. ಆಗಸ್ಟಿನದು.
ಗಾಜನ್ನು ತುಂಬಿ ಚೆಲ್ಲಿ, ತುಂಬಿ ಚೆಲ್ಲಿ, ಎಣಿಕೆ ತಪ್ಪಿತು.
ರಾತ್ರಿ ಲೈನ್‌ಮನೆಗಳ ಹಿಂದೆ ಗುಡ್ಡ ಒಮ್ಮೆ ಗಂಟಲು ಸರಿಮಾಡಿಕೊಂಡಿತು.
ಓಡಿದೆವು. ಗುಡಿಯ ಬೆಂಚುಗಳನ್ನು ಗೋಡೆಗೆ ಸರಿಸಿ
ನೆಲದ ತುಂಬ ನಾವು: ಅರೋಕ್ಯಮೇರಿ, ಹಾಜಿರಾ,
ಯರವರ ಬೊಳ್ಳಿ, ಅವಳ ಇಪ್ಪತ್ತು ದಿನದ ಕೂಸು
ಮಡಿಚಿಟ್ಟ ಪೀಠದ ಹಾಸಿನ ಮೇಲೆ.
ಬೊಳ್ಳಿಯ ಗಂಡ ಬೆಳಗಾದರೂ ಬರಲಿಲ್ಲ.

ದೇವರು ಒಳ್ಳೆಯವನು ಎನ್ನಲು ಆ ದಿನ ನನಗೆ ಬಾಯಿ ಬರಲಿಲ್ಲ.
ಇವತ್ತಿಗೂ ಆ ರಾತ್ರಿಯ ಬಗ್ಗೆ ಅವನ ಜೊತೆ ಮಾತು ಮುಗಿದಿಲ್ಲ.
ಮೂರು ದಿನದ ಸಾಲಿಗೆ ‘ಅಳೆಯಲಾಗಲಿಲ್ಲ’ ಎಂದು ಬರೆದಿದ್ದೇನೆ,
ಪುಸ್ತಕದಲ್ಲಿ ಬೇರೆಲ್ಲೂ ಇಲ್ಲದ ಮಾತು.
ಬರೆಯದೆ ಉಳಿದದ್ದು ಇಷ್ಟು:
ನಡುರಾತ್ರಿ ಅರೋಕ್ಯಮೇರಿ ತನ್ನ ಕಂಬಳಿಯ ಅಂಚೆತ್ತಿ
‘ಅಕ್ಕಾ, ಕಾಲು ಒಳಗೆ ಎಳ್ಕೊಳ್ಳಿ’ ಅಂದಳು.
ಎಳೆದುಕೊಂಡೆ. ಬೆಚ್ಚಗಿತ್ತು.

ಈಗ ಜನವರಿ. ಗೋದಲಿಯ ಹುಲ್ಲು ದನಕ್ಕೆ ಹೋಯಿತು,
ಮೂವರು ರಾಜರು ಹಳೇ ಬಿಸ್ಕತ್ ಡಬ್ಬಕ್ಕೆ.
ಕಣದಲ್ಲಿ ಕಾಫಿ ಒಣಗುತ್ತಿದೆ. ಬೊಳ್ಳಿಯ ಮಗಳು
ಕುಂಟೆಯ ಹಿಂದೆ ಓಡಿ ಬೈಸಿಕೊಳ್ಳುತ್ತಾಳೆ.
ಪುಟದ ತುಂಬ ಸೊನ್ನೆ, ಸೊನ್ನೆ, ಸೊನ್ನೆ.
ಆದರೂ ಎಂಟಕ್ಕೆ ಹೋಗಿ ಮುಚ್ಚಳ ತೆಗೆಯುತ್ತೇನೆ.
ಯಾವತ್ತೂ ಯಾರನ್ನೂ ಕರೆಯದ ಡಬ್ಬ,
ರಾತ್ರಿಯಿಡೀ ಬಾಯಿ ತೆರೆದು ನಿಂತದ್ದು,
ಅಂಚಿನಲ್ಲಿ ಸ್ವಲ್ಪ ಇಬ್ಬನಿ ಹಿಡಿದಿರುತ್ತದೆ.

ಇಬ್ಬನಿಗೆ ಪುಸ್ತಕದಲ್ಲಿ ಕಲಂ ಇಲ್ಲ.
ಬೆರಳಲ್ಲಿ ಒರೆಸಿ ಹಣೆಗೆ, ಎದೆಗೆ, ಎರಡೂ ಭುಜಕ್ಕೆ ಮುಟ್ಟಿಸಿ
ಸೊನ್ನೆ ಬರೆದು
ಹಾಜರಿ ಕೂಗಲು ಹೋಗುತ್ತೇನೆ.