ಒಳಜೇಬು

ಭುಲೇಶ್ವರದ ಗಲ್ಲಿಯಲ್ಲಿ, ಮೆಟ್ಟಿಲ ಕೆಳಗೆ,
ಒಂದು ಹೊಲಿಗೆ ಯಂತ್ರ ಹಿಡಿಸುವಷ್ಟೇ ಜಾಗ.
ಅಲ್ಲಿ ಕೂತು ಮೂವತ್ತೆಂಟು ವರ್ಷ
ಅಂಗಡಿಯಾಗಳ ಬನಿಯನ್ನಿಗೆ ಒಳಜೇಬು ಹೊಲಿದವರು
ದೂಮಪ್ಪ ಸಪಲಿಗರು.
ಹೆಸರಿನಲ್ಲಷ್ಟೇ ಅಂಗಡಿ; ಅಂಗಡಿಯಾ ಎಂದರೆ ಬರೀ ಕಾಲು.
ವಜ್ರದ ಪೊಟ್ಟಣ ಎದೆಗವಚಿ ರಾತ್ರಿ ರೈಲಿಗೆ ಸೂರತ್ತು.
ಒಳಗೇನಿದೆ ಎಂದು ಕೇಳುವಂತಿಲ್ಲ.
ಕೇಳಿದರೆ ಕಸುಬು ಮುಗಿಯಿತು.

ಈಗ ಪರೇಲಿನ ನಮ್ಮ ಆಸ್ಪತ್ರೆಯ ಬೆಂಚಿನ ಮೇಲೆ
ಕಣ್ಣಲ್ಲಿ ತುಸು ಹಳದಿ, ಕೈಯಲ್ಲಿ ರಿಪೋರ್ಟು.
"ಹೆಪಟೈಟಿಸ್ ಸಿ ಅಂತೆ. ನೀವು ಕನ್ನಡದವರಲ್ಲವೊ, ಹೇಳಿ ತಂಗಿ,
ಬಂದದ್ದು ಆವತ್ತು ಏರಿಸಿದ ಎರಡು ಬಾಟಲಿ ರಕ್ತದಲ್ಲಿರಬೇಕು, ಸರಿ.
ಒಳಗೆ ಹಬ್ಬಿದ್ದು ಹೇಗೆ? ಕಾವಲು ಇರಲಿಲ್ಲವೊ?"

ನಾನು ಡಾಕ್ಟರಲ್ಲ. ನೆಲಮಾಳಿಗೆಯಲ್ಲಿ ಯಂತ್ರ ತಿರುಗಿಸುವವಳು.
ಭೂಮಿಯ ಸೆಳೆತದ ಲಕ್ಷ ಪಟ್ಟು ಬಲದಲ್ಲಿ ಸುತ್ತಿಸಿ ಸುತ್ತಿಸಿ
ಕೊಳವೆಯ ತಳದಲ್ಲಿ ಕಂಡೂ ಕಾಣದ ಚುಕ್ಕೆಯೊಂದನ್ನು ಹಿಡಿಯುವವಳು.
ಆ ಚುಕ್ಕೆಯ ತುಂಬ ಚೀಲಗಳು,
ಕೂದಲೆಳೆಯ ದಪ್ಪದ ಸಾವಿರದಲ್ಲೊಂದು ಪಾಲು ಒಂದೊಂದೂ.
ಯಕೃತ್ತಿನ ಕೋಶ ತನ್ನದೇ ಪೊರೆಯ ಚೂರು ಮಡಿಚಿ
ಗಂಟು ಕಟ್ಟಿ ನೆರೆಮನೆಗೆ ಕಳಿಸುತ್ತದೆ.
ಕಸ ಎಂದುಕೊಂಡಿದ್ದರಂತೆ ಮೊದಲು.
ಬಿಚ್ಚಿ ನೋಡಿದರೆ ಕ್ಷೇಮಸಮಾಚಾರ.

ವೈರಸ್ಸು ಕೋಟು ತೊಟ್ಟೂ ಓಡಾಡುತ್ತದೆ, ರಾಜಾರೋಷವಾಗಿ.
ಇದು ಅದರ ಇನ್ನೊಂದು ದಾರಿ:
ಕೋಟು ಕಳಚಿ, ಬರೀ ಬರಹವಾಗಿ, ಒಂದೆಳೆ ಆರ್‌ಎನ್‌ಎ ಆಗಿ
ಆ ಚೀಲದೊಳಕ್ಕೆ ಜಾರಿಕೊಳ್ಳುವುದು.
ಕಾವಲಿನ ಪ್ರತಿಕಾಯಗಳಿಗೆ ಗೊತ್ತಿರುವುದು ಕೋಟಿನ ಗುರುತು.
ಅವುಗಳ ಮೂಗಿನಡಿಯಲ್ಲೇ ದಾಟುತ್ತದೆ ಚೀಲ, ಮನೆಯವರ ಹಾಗೆ.
ಪಕ್ಕದ ಕೋಶ ಬಾಗಿಲು ತೆರೆಯುತ್ತದೆ.
ಯಾಕೆ ತೆರೆಯಬಾರದು?

ಸಪಲಿಗರು ರಿಪೋರ್ಟಿನ ಅಂಚನ್ನು
ಹೆಬ್ಬೆರಳಿಂದ ಸವರಿ ನೋಡಿದರು, ಬಟ್ಟೆಯೇನೋ ಎಂಬಂತೆ.
"ಅಂದರೆ ಬಟ್ಟೆ ನಮ್ಮದು, ದಾರ ನಮ್ಮದು,
ಮಾಲು ಮಾತ್ರ ಬೇರೆಯವರದ್ದು."
ನಮ್ಮ ಸೆಮಿನಾರುಗಳಲ್ಲಿ ಯಾರೂ ಇಷ್ಟು ಚೊಕ್ಕವಾಗಿ ಹೇಳಿದ್ದಿಲ್ಲ.

"ಚೀಲ ಕಟ್ಟುವುದನ್ನೇ ನಿಲ್ಲಿಸಿದರೆ?"
ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ ನಿಲ್ಲಿಸಿ ನೋಡಿದ್ದೇವೆ.
ವೈರಸ್ಸು ಕುಗ್ಗಿತು. ಕೋಶಗಳೂ ಮಂಕಾದವು, ಒಂಟಿ ಬಿದ್ದವರಂತೆ.
ನಕ್ಕರು: "ಅಂಗಡಿಯಾಗಳನ್ನೆಲ್ಲ ಹಿಡಿದು ಒಳಗೆ ಹಾಕಿದರೆ
ಬಜಾರು ಎರಡು ದಿನ ನಡೆಯದು, ನನಗೆ ಗೊತ್ತು."
ಆಮೇಲೆ, ಸ್ವಲ್ಪ ತಡೆದು,
"ಒಮ್ಮೆ ನಾನೂ ಒಯ್ದಿದ್ದೆ. ಇಪ್ಪತ್ತರ ವಯಸ್ಸು.
ಏನಿತ್ತೋ ಅದರಲ್ಲಿ, ದೇವರೇ ಬಲ್ಲ."

ಗುಳಿಗೆ ಇದೆ, ಹನ್ನೆರಡು ವಾರ.
ಅದು ಚೀಲದ ತಂಟೆಗೆ ಹೋಗುವುದಿಲ್ಲ;
ಒಳಗೆ ಕೂತು ನಕಲು ತೆಗೆಯುವ ಕೈಯನ್ನೇ ಹಿಡಿಯುತ್ತದೆ.

ಮಳೆ ಮುಗಿದ ಮೇಲೆ ಬಂದರು. ಕಣ್ಣು ಬೆಳ್ಳಗಿತ್ತು.
ನನ್ನ ಕನ್ನಡಕಕ್ಕೊಂದು ಚೀಲ ಹೊಲಿದು ತಂದಿದ್ದರು.
ಕೊಡುವ ಮೊದಲು ಒಳಗನ್ನು ಹೊರಗೆ ತಿರುವಿ,
ಕೊಡವಿ, ಹೊಲಿಗೆ ತೋರಿಸಿ, ಮತ್ತೆ ತಿರುವಿದರು.
"ಕಸುಬಿನ ರೂಢಿ. ತೋರಿಸದೆ ಕೊಡಬಾರದು."

ರಾತ್ರಿ ಪಾಳಿ. ಯಂತ್ರ ವೇಗ ಹಿಡಿಯುವ ತನಕ ಸುಮ್ಮನೆ
ಬೆರಳಿಟ್ಟು ನೋಡಿದೆ ಚೀಲದ ಮೂಲೆಯಲ್ಲಿ.
ಸಿಕ್ಕಿತು ಒಂದು ದಾರದ ತುಣುಕು.
ನೀಲಿ.