ಷರತ್ತು ಹನ್ನೊಂದು

ಪರವಾನಗಿಯನ್ನು ಹೊಸದಾಗಿ ಬರೆಯಬೇಕಾದ ವರ್ಷ ಇದು.
ಹಳೆಯ ಕಡತದ ಹೊಟ್ಟೆ ಉಬ್ಬಿ, ಕಟ್ಟಲು ದಾರ ಸಾಲದು.
ಮೇಲಿನ ಹಾಳೆಯಲ್ಲಿ ನನಗಿಂತ ಮುಂಚಿದ್ದ ಗುಮಾಸ್ತನ ಅಕ್ಷರ:
ಬಯಲು ಗುರಿಮೈದಾನ. ಮುನ್ನೂರು ಮೀಟರು. ಆರು ಹಲಗೆ.
ಶನಿವಾರ ಒಂದೂವರೆಯಿಂದ ಐದು. ಭಾನುವಾರ ಮೌನ.
ಮೌನದ ಕೆಳಗೆ ಆತ ಗೆರೆ ಎಳೆದಿದ್ದಾನೆ,
ಎಳೆದ ರಭಸಕ್ಕೆ ಕಾಗದವೇ ಹರಿದಿದೆ.

ನಮ್ಮದು ಇಕ್ಕಟ್ಟಾದ ಕಣಿವೆ.
ರೈನ್ ನದಿ ಇನ್ನೂ ಹೊಳೆಯಾಗಿರುವ ಜಾಗ,
ಜಿಗಿದು ದಾಟಬಹುದು.
ಇತ್ತ ಬೆಟ್ಟ, ಅತ್ತ ಬೆಟ್ಟ, ನಡುವೆ
ಒಂದು ಈಡು ಹಾರಿದರೆ ನಾಲ್ಕು ಕೇಳುತ್ತದೆ.
ಕೂರ್ ನಗರದಿಂದ ಸದ್ದು ಅಳೆಯಲು ಬಂದ ಹುಡುಗ
ಡೋರ್ತಾ ಕಾತೊಮೆನ್ ಮನೆಯ ಕಿಟಕಿಯಲ್ಲಿ ಯಂತ್ರ ಇಟ್ಟು
ಮೊದಲನೆಯದನ್ನು ಮಾತ್ರ ಬರೆದುಕೊಂಡ.
‘ಉಳಿದ ಮೂರು?’ ಅಂದಳು ಆಕೆ.
‘ಅವು ಬೆಟ್ಟದವು. ಬೆಟ್ಟಕ್ಕೆ ಪರವಾನಗಿ ಬೇಡವಲ್ಲ.’

ಡೋರ್ತಾ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ದಾದಿ.
ಶುಕ್ರವಾರ ಇಡೀ ಇರುಳು ಬೇರೆಯವರ ಉಸಿರು ಕಾದು
ಶನಿವಾರ ಬೆಳಗ್ಗೆ ಪರದೆ ಎಳೆದು ಮಲಗುತ್ತಾಳೆ.
ಆಕೆಯ ಹನ್ನೊಂದು ದೂರುಪತ್ರ ಕಡತದಲ್ಲಿವೆ.
ಮೊದಲನೆಯದು ನಾಲ್ಕು ಪುಟ, ಕಾನೂನಿನ ಕಲಮುಗಳ ಸಮೇತ.
ಹನ್ನೊಂದನೆಯದು ಇಷ್ಟೇ:
‘ಒಂದು ಮೂವತ್ತೊಂದು. ಒಂದು ಮೂವತ್ತೊಂದು.
ಒಂದು ಮೂವತ್ತೆರಡು.’

ಅರ್ಜಿ ಹಿಡಿದು ಬಂದವನು ಉರ್ಸಿಟ್ಸಿನ್ ಮಯ್ಸೆನ್,
ಐವತ್ತು ವರ್ಷದಿಂದ ಸಂಘದ ಕಾರ್ಯದರ್ಶಿ.
ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಹೊರಟಿದೆ.
ನಾನು ಕಿರುಚಿ ಓದಿದೆ: ಎಚ್ಚರಿಕೆಯ ಕೆಂಪು ಬಾವುಟ,
ಕಾಲುದಾರಿಗೆ ಅಡ್ಡಗಟ್ಟೆ, ದಿಬ್ಬದ ಸುತ್ತ ಬೇಲಿ.
ಬೇಲಿ ಯಾಕೆಂದು ಅವನಿಗೆ ಹೇಳಬೇಕಿರಲಿಲ್ಲ.
ಅರವತ್ತು ವರ್ಷದ ಸೀಸ ಆ ದಿಬ್ಬದ ಹೊಟ್ಟೆಯಲ್ಲಿದೆ.
ಲೂರೆಂಗನ ಕುರಿ ಅಲ್ಲಿ ಮೇದು, ತತ್ತರಿಸಿ, ಕೂತದ್ದು ಏಳಲಿಲ್ಲ.
ಹುಲ್ಲು ಮಾತ್ರ, ಏನು ಹೇಳಲಿ, ಊರಲ್ಲೆಲ್ಲ ಅದೇ ಹಸಿರು.

‘ಸೈನ್ಯದ ಹುಡುಗರು ವರ್ಷಕ್ಕೆ ಇಪ್ಪತ್ತು ಗುಂಡು
ಹಾರಿಸಲೇಬೇಕು. ಜಾಗ ಊರೇ ಕೊಡಬೇಕು.
ನಾನು ಮಾಡಿದ ಕಾನೂನಲ್ಲ ತಾಯಿ,’ ಅಂದ.
ಮೆಲ್ಲಗೆ ಹೇಳುತ್ತಿದ್ದೇನೆ ಅಂದುಕೊಂಡು
ಬೀದಿಗೆಲ್ಲ ಕೇಳುವಂತೆ ಅಂದ.

ಗ್ರಾಮಸಭೆ ಶಾಲೆಯ ವ್ಯಾಯಾಮದ ಹಜಾರದಲ್ಲಿ.
ರಬ್ಬರಿನ ವಾಸನೆ, ಮಕ್ಕಳ ಅಳತೆಯ ಬೆಂಚು,
ಮೊಣಕಾಲು ಗದ್ದಕ್ಕೆ ತಾಗಿಸಿ ಕೂತ ಊರ ಹಿರಿಯರು.
ಮೈದಾನ ಮುಚ್ಚಿ ಪಕ್ಕದೂರಿಗೆ ಹೋಗೋಣ ಎಂದರೊಬ್ಬರು.
ಪಕ್ಕದೂರಲ್ಲಿ ನಿದ್ದೆ ಮಾಡುವವರಿಲ್ಲವೇ ಎಂದರು ಇನ್ನೊಬ್ಬರು.
ಕೊನೆಗೆ ಉಳಿದದ್ದು ಷರತ್ತು ಹನ್ನೊಂದು:
ಡೋರ್ತಾ ಮಲಗಿರುವ ಶನಿವಾರ
ಮೂರೂವರೆಗೆ ಮುಂಚೆ ಗುಂಡು ಹಾರಿಸಕೂಡದು.

ಕಾನೂನಿನಲ್ಲಿ ಒಬ್ಬರ ಹೆಸರು ಇರಬಹುದೇ?
ಅದಕ್ಕೇ ಒಂದು ತಾಸು ಹೋಯಿತು.
ಹೆಸರು ಹೊಡೆದು ‘ರಾತ್ರಿ ದುಡಿದ ನೆರೆಯವರು’ ಎಂದು ಬರೆದೆ.
ಎಲ್ಲರೂ ಡೋರ್ತಾ ಎಂದೇ ಓದಿಕೊಂಡರು.

ಪರ ಇರುವವರು ಕೈ ಎತ್ತಿ, ಅಂದರು ಅಧ್ಯಕ್ಷರು.
ಎಣಿಸಿದೆ. ಇಪ್ಪತ್ತಾರು.
ಆಗ ಹಿಂದಿನ ಸಾಲಿನಲ್ಲಿ ಉರ್ಸಿಟ್ಸಿನ್
ಒಂದು ಕೈ ಕಿವಿಗೆ ಆನಿಸಿ
ಇನ್ನೊಂದು ಕೈ ಎತ್ತಿದ್ದ.
‘ಏನಂದರು?’ ಎಂದು ಕೇಳಲು ಎತ್ತಿದ್ದೋ,
ಒಪ್ಪಿ ಎತ್ತಿದ್ದೋ.
ಇಪ್ಪತ್ತೇಳು ಎಂದು ಬರೆದೆ.
ವಿರೋಧಕ್ಕೆ ಇಪ್ಪತ್ತಾರು ಕೈ. ಅವನದು ತೊಡೆಯ ಮೇಲೆ.
ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಮುಂದಿನ ಶನಿವಾರ ಹಾಲಿಗೆ ಹೋದವಳು ನೋಡಿದೆ:
ಬಂದೂಕು ಚೀಲದಲ್ಲಿ, ಬಾವುಟ ಮಡಿಕೆಯಲ್ಲಿ.
ಕಿವಿಗೆ ಆಗಲೇ ಹತ್ತಿ ತುರುಕಿಕೊಂಡು
ಕೈಗಡಿಯಾರ ನೋಡುತ್ತ ಅವನೊಬ್ಬನೇ ಕೂತಿದ್ದ.

ಸೋಮವಾರ ಹನ್ನೆರಡನೆಯ ಪತ್ರ ಬಂತು:
‘ಒಂದು ಮೂವತ್ತೊಂದು. ಎಚ್ಚರವಾಯಿತು.
ಏನೂ ಕೇಳಿಸಲಿಲ್ಲ.
ಮತ್ತೆ ನಿದ್ದೆ ಹತ್ತಲಿಲ್ಲ.’

ಇದು ದೂರೋ ಅಲ್ಲವೋ ತಿಳಿಯದೆ
ದಾರ ಬಿಚ್ಚಿಕೊಂಡೇ ಕೂತಿದ್ದೇನೆ.