ಹಾಫ್ ಕ್ಲಚ್

ಆಡುಮಲ್ಲೇಶ್ವರ ದಾಟಿದ್ದೇ ತಡ
ರಸ್ತೆ ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತಿತು.
ಎರಡನೇ ಗೇರು, ಅಂದರು ಪಾಲಯ್ಯ ಮಾಸ್ತರು,
ಬೆರಳಲ್ಲಿ ಅಲ್ಲ, ಗದ್ದದಲ್ಲಿ ತೋರಿಸಿ.

ಹಳೇ ಓಮ್ನಿ. ಹಿಂದಿನ ಸೀಟು ಕಿತ್ತಲ್ಲಿ
ಕಾನ್ವೆಂಟಿಗೆ ಕೊಡಬೇಕಾದ ನಲವತ್ತು ಜೊತೆ ಯೂನಿಫಾರ್ಮು,
ತಿರುವಿಗೊಮ್ಮೆ ಎಡಕ್ಕೆ, ತಿರುವಿಗೊಮ್ಮೆ ಬಲಕ್ಕೆ
ಪ್ರಾರ್ಥನೆಗೆ ತಡವಾದ ಮಕ್ಕಳ ಹಾಗೆ.
ಇಪ್ಪತ್ತಾರು ವರ್ಷ ಪೆಡಲು ತುಳಿದ ಕಾಲು ನನ್ನದು;
ಹೊಲಿಗೆ ಮಷೀನು ಒಂದು ದಿನವೂ
ಹಿಂದಕ್ಕೆ ಜಾರಿರಲಿಲ್ಲ.

ಇದು ಜಾರಿತು.
ಮೂರನೇ ತಿರುವಲ್ಲಿ ಇಂಜಿನು ಕೆಮ್ಮಿ ಸುಮ್ಮನಾಯಿತು.
ಕನ್ನಡಿಯೊಳಗೆ ಕಣಿವೆ
ಕೇಳದೆ ಹತ್ತಿರ ಬಂತು.
ಬಾಯಿಗೆ ಬಂದದ್ದು ದೇವರ ಹೆಸರಲ್ಲ,
ಗಾಡಿ ಸಾಲದ ಕಂತಿನ ತಾರೀಖು.

‘ಬ್ರೇಕು.
ಕೀ ತಿರುಗಿಸು. ಈಗ ಕ್ಲಚ್ಚು ಮೆಲ್ಲಗೆ ಬಿಡವ್ವ.
ಕೂಸಿಗೆ ನಿದ್ದೆ ಹತ್ತಿದ ಮೇಲೆ
ತಲೆ ಅಡಿಯಿಂದ ಕೈ ತೆಗೀತಾರಲ್ಲ,
ಹಂಗೆ.’

ಹಂಗೇ ಬಿಟ್ಟೆ, ಅರ್ಧ.
ಗಾಡಿ ಮೈಯೆಲ್ಲ ನಡುಗಿ, ನಿಂತಿತು.
ಮುಂದಕ್ಕಿಲ್ಲ, ಹಿಂದಕ್ಕಿಲ್ಲ,
ಅಂಗಾಲಿನ ಒಂದು ರೂಪಾಯಿಯಗಲ ಜಾಗದಲ್ಲಿ
ಇಡೀ ಜೋಗಿಮಟ್ಟಿಯ ಭಾರ.
‘ಜೋಜಿಲಾದಾಗೆ ಒಂದೊಂದು ಮಾರೂ
ಹಿಂಗೇ ಗೆದ್ದದ್ದು,’ ಅಂದರು.

ಮಿಲಿಟರಿ ಲಾರಿ, ಹನ್ನೊಂದು ವರ್ಷ. ಊರಿಗೇ ಗೊತ್ತು.
ನನ್ನ ಅಂಗಡಿಯ ಗೋಡೆಗೆ
ದಾರದ ಕಂಪನಿಯವರು ಕೊಟ್ಟ ಕ್ಯಾಲೆಂಡರಿದೆ:
ಹಿಮದ ಬೆಟ್ಟ, ಇಸ್ತ್ರಿ ಮಾಡಿದಂಥ ಆಕಾಶ.
ಗಿರಾಕಿ ಇಲ್ಲದ ಮಧ್ಯಾಹ್ನ ಅದನ್ನೇ ನೋಡುತ್ತೇನೆ.
ಕೇಳಿಯೇಬಿಟ್ಟೆ:
ಹೆಂಗಿರ್ತಾವೆ ಮಾಸ್ತರೇ, ಆ ಶಿಖರಗಳು?

ಒಂದು ತಿರುವು ಮಾತಿಲ್ಲ. ಇನ್ನೊಂದು.
‘ನೋಡಿಲ್ಲವ್ವ.’
ನಕ್ಕೆ. ಅವರು ನಗಲಿಲ್ಲ.
‘ನಾ ನೋಡಿದ್ದು ಮುಂದಿನ ಲಾರಿಯ ಹಿಂದಲ ಹಲಗೆ.
ಅದರ ನಂಬರು ಕೇಳು, ಹೇಳ್ತೀನಿ.
ಅದರ ಮೇಲಿನ ಕೆಸರು ಯಾವ ಆಕಾರ, ಹೇಳ್ತೀನಿ.
ತಲೆ ಎತ್ತಿ ನೋಡಿದ್ದು ಒಬ್ಬನೇ,
ನನ್ನ ಹಿಂದಿನ ಗಾಡಿಯ ಹುಡುಗ, ಪಾಲಕ್ಕಾಡಿನವ.
ಎಷ್ಟು ಚೆಂದ ಐತೆ ಅಂತ ಹಾರನ್ ಹೊಡೆದ,
ಎರಡು ಸಲ…’

ಕಿಟಕಿಯ ಗಾಜು ಸರಿಸಿದರು.
ಕಾರೆ ಮುಳ್ಳಿನ ವಾಸನೆ, ಒಣಹುಲ್ಲಿನ ವಾಸನೆ.
ಎಲ್ಲೋ ನವಿಲು ಕೂಗಿ, ಬೇಡವೆಂದು ನಿಲ್ಲಿಸಿತು.
ಹಿಮವತ್ ಕೇದಾರ ಅಂತ ಇಲ್ಲೂ ಒಂದು ಜಾಗವಿದೆ;
ಹೆಸರಿಟ್ಟವರು ಹಿಮ ತರಲು ಮರೆತರು.

ಆಮೇಲೆ ಅವರೇ ಅಂದರು:
‘ನೀ ರಸ್ತೆ ನೋಡು. ಇವತ್ತು
ಬೆಟ್ಟ ನಾ ನೋಡ್ತೀನಿ.’

ನೋಡುತ್ತ ಹೋದರು, ಗಟ್ಟಿಯಾಗಿ,
ಕುರುಡರಿಗೆ ಪತ್ರ ಓದಿದ ಹಾಗೆ.
ಅಕೋ, ಗಾಳಿಗಿರಣಿ, ಸಾಲಾಗಿ; ಒಂದು ಮಾತ್ರ ತಿರುಗಲೊಲ್ಲದು.
ಕೋಟೆ ನೋಡವ್ವ… ಬೇಡ, ನೋಡಬೇಡ,
ಹಿಂಡಿ ಇಟ್ಟ ಬಟ್ಟೆಯ ಗಂಟಿನ ಹಂಗಿದೆ ಇಲ್ಲಿಂದ.
ಅದರ ಹಿಂದೆ ಗುಡ್ಡ,
ಗುಡ್ಡದ ಹಿಂದೆ ನೀಲಿ ಗುಡ್ಡ,
ಅದರ ಹಿಂದೆ ಗುಡ್ಡವೋ ಮೋಡವೋ
ತಿಳಿಯೋದಿಲ್ಲ.

ನಾನು ನೋಡಿದ್ದು ಡಾಂಬರು,
ಕಿತ್ತುಹೋದ ಬಿಳಿ ಗೆರೆ,
ಅಂಚಿಗೆ ಸುಣ್ಣ ಬಳಿದ ಕಲ್ಲುಗಳು
ಒಂದು, ಮತ್ತೊಂದು.

ತುದಿಯಲ್ಲಿ ಹ್ಯಾಂಡ್‌ಬ್ರೇಕ್ ಎಳೆಸಿ,
ಹಿಂದಿನ ಗಾಲಿಗೆ ತಾವೇ ಕಲ್ಲು ಕೊಟ್ಟು,
ಅಂಚಿಗೆ ಹೋಗಿ ನಿಂತರು ಪಾಲಯ್ಯ,
ಚಪ್ಪಲಿ ಬಿಟ್ಟು, ಬೆನ್ನು ನನ್ನ ಕಡೆಗೆ.
ಗಾಳಿಗೆ ಅಂಗಿ ಉಬ್ಬಿತು; ಹೆಗಲಲ್ಲಿ ಹೊಲಿಗೆ ಬಿಟ್ಟಿತ್ತು.
ಹಾರನ್ ಮೇಲಿದ್ದ ಕೈ
ಯಾಕೋ ತೆಗೆದು ತೊಡೆಯ ಮೇಲಿಟ್ಟುಕೊಂಡೆ.

ಎಷ್ಟು ಹೊತ್ತೋ ಗೊತ್ತಿಲ್ಲ.
ಕಲ್ಲು ಕೊಟ್ಟಿತ್ತು, ಹ್ಯಾಂಡ್‌ಬ್ರೇಕ್ ಎಳೆದಿತ್ತು,
ಆದರೂ ಅವರು ನೋಡಿ ಮುಗಿಸುವ ತನಕ
ಬ್ರೇಕಿನ ಮೇಲಿಂದ
ನಾನು ಕಾಲು ತೆಗೆಯಲಿಲ್ಲ.